ಜನ ಜಾಸ್ತಿಯಾದರಾ, ಕಮ್ಮಿಯಾದರಾ? ಫಲವತ್ತತೆ ದರ, ಮುಪ್ಪು, ಜನಸಂಖ್ಯೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜನಸಂಖ್ಯೆ ಬಗ್ಗೆ ಮಾತು ಶುರುವಾದರೆ ಪ್ರತಿಯೊಬ್ಬರ ಹತ್ತಿರವೂ ಒಂದು ತೀರ್ಪು ರೆಡಿ ಇರುತ್ತದೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಜನ ಜಾಸ್ತಿ. ಮಗನಿಗೆ ಹೆಣ್ಣು ಹುಡುಕುತ್ತಿರುವವರಿಗೆ ಜನ ಕಮ್ಮಿ. ಸಾಮಾನ್ಯವಾಗಿ ಎದುರಾಗುವ ಪ್ರಶ್ನೆಗಳನ್ನು, ಕರ್ನಾಟಕವನ್ನು ಮುಂದಿಟ್ಟುಕೊಂಡು, ಇಲ್ಲಿ ಒಂದೊಂದಾಗಿ ನೋಡೋಣ.

ಒಬ್ಬರು ‘ಜನಸಂಖ್ಯಾ ಸ್ಫೋಟ’ ಅಂತಾರೆ, ಇನ್ನೊಬ್ಬರು ‘ಮಕ್ಕಳೇ ಹುಟ್ಟುತ್ತಿಲ್ಲ’ ಅಂತಾರೆ. ಯಾವುದು ನಿಜ?

ಎರಡರಲ್ಲೂ ನಿಜ ಇದೆ. 2022ರ ನವೆಂಬರ್‌ನಲ್ಲಿ ಪ್ರಪಂಚದ ಜನಸಂಖ್ಯೆ 800 ಕೋಟಿ ಮುಟ್ಟಿತು ಅಂತ ವಿಶ್ವಸಂಸ್ಥೆ ಲೆಕ್ಕ ಹಾಕಿತು. ಈ ಸಂಖ್ಯೆ ಇನ್ನೂ ಏರುತ್ತದೆ. ವಿಶ್ವಸಂಸ್ಥೆಯ 2024ರ ಅಂದಾಜಿನ ಪ್ರಕಾರ 2080ರ ದಶಕದ ನಡುವಿನಲ್ಲಿ ಸುಮಾರು 1,030 ಕೋಟಿಗೆ ಹೋಗಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ.

ಆದರೆ ವರ್ಷಕ್ಕೆ ಹುಟ್ಟುವ ಮಕ್ಕಳ ಸಂಖ್ಯೆ ಆಗಲೇ ಇಳಿಯಲು ಶುರುವಾಗಿದೆ. ಅತಿ ಹೆಚ್ಚು ಮಕ್ಕಳು ಹುಟ್ಟಿದ್ದು 2012ರ ಸುಮಾರಿಗೆ. ಅಂದರೆ ಭೂಮಿ ಮೇಲಿನ ಜನ ಹೆಚ್ಚುತ್ತಿದ್ದಾರೆ, ತೊಟ್ಟಿಲಲ್ಲಿರುವ ಜನ ಕಮ್ಮಿಯಾಗುತ್ತಿದ್ದಾರೆ. ಹೆಚ್ಚಾಗುತ್ತಿರುವುದು ಬಹುಪಾಲು ದೊಡ್ಡವರು, ವಯಸ್ಸಾದವರು. ಇದೊಂದು ತಲೆಯಲ್ಲಿದ್ದರೆ ಮುಂದಿನ ಅರ್ಧ ಗೊಂದಲ ತಾನಾಗಿ ಬಗೆಹರಿಯುತ್ತದೆ.

ಎಲ್ಲರೂ 2.1, 2.1 ಅಂತಾರಲ್ಲ, ಏನದು?

ಒಬ್ಬ ಹೆಣ್ಣುಮಗಳು ತನ್ನ ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಅನ್ನುವ ಅಂದಾಜಿಗೆ ಫಲವತ್ತತೆ ದರ ಅನ್ನುತ್ತಾರೆ. ಅದು 2.1 ಇದ್ದರೆ, ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ಸರಿಯಾಗಿ ತುಂಬುತ್ತದೆ.

ಇಬ್ಬರ ಜಾಗಕ್ಕೆ ಇಬ್ಬರು ಸಾಕಲ್ಲ, ಮೇಲಿನ ಆ 0.1 ಯಾಕೆ? ಎರಡು ಕಾರಣ. ಹುಟ್ಟಿದ ಎಲ್ಲ ಮಕ್ಕಳೂ ತಾಯಂದಿರಾಗುವ ವಯಸ್ಸಿನವರೆಗೆ ಬದುಕುವುದಿಲ್ಲ. ಜೊತೆಗೆ ಸಹಜವಾಗಿಯೇ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ಹೆಣ್ಣು ಭ್ರೂಣವನ್ನು ಹೊಟ್ಟೆಯಲ್ಲೇ ಕೊಲ್ಲುವ ಊರಲ್ಲಿ 2.1 ಕೂಡ ಸಾಲುವುದಿಲ್ಲ. ಈ ವಿಷಯಕ್ಕೆ ಮುಂದೆ, ಹಳ್ಳಿ ಹುಡುಗರಿಗೆ ಹೆಣ್ಣು ಸಿಗದಿರುವ ಪ್ರಶ್ನೆಯಲ್ಲಿ ಬರುತ್ತೇನೆ.

ನಮ್ಮ ದರ ಎಷ್ಟು?

1950ರ ದಶಕದಲ್ಲಿ ಭಾರತದ ದರ 6ರ ಹತ್ತಿರ ಇತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು 2.0. ಕರ್ನಾಟಕದ್ದು 1.7.

ಕರ್ನಾಟಕದ ಇಳಿತ ಮೊನ್ನೆ ಮೊನ್ನೆಯದಲ್ಲ. 1992–93ರ ಮೊದಲ ಸಮೀಕ್ಷೆಯಲ್ಲಿ ನಮ್ಮ ದರ 2.9ರ ಆಸುಪಾಸಿನಲ್ಲಿತ್ತು. 2005–06ಕ್ಕೆ 2.1 ಆಯಿತು. ಅಂದರೆ ನಾವು ಆ ಗೆರೆ ದಾಟಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ. ‘ಜನಸಂಖ್ಯಾ ಸ್ಫೋಟ’ ಅಂತ ಶಾಲೆಯಲ್ಲಿ ಪ್ರಬಂಧ ಬರೆಸುತ್ತಿದ್ದ ಕಾಲಕ್ಕೇ ಆ ಶಾಲೆಯ ಒಂದನೇ ತರಗತಿ ಖಾಲಿಯಾಗಲು ಶುರುವಾಗಿತ್ತು.

ರಾಜ್ಯದೊಳಗೂ ವ್ಯತ್ಯಾಸ ಇದೆ. ಕರಾವಳಿ, ಮಲೆನಾಡು, ಹಳೇ ಮೈಸೂರಲ್ಲಿ ಮಕ್ಕಳು ಕಮ್ಮಿ. ಯಾದಗಿರಿ, ರಾಯಚೂರು, ಕೊಪ್ಪಳದ ಕಡೆ ಸ್ವಲ್ಪ ಜಾಸ್ತಿ. ದೇಶದ ಮಟ್ಟದಲ್ಲಿ ಆ ಸಮೀಕ್ಷೆಯ ಹೊತ್ತಿಗೆ 2.1ಕ್ಕಿಂತ ಮೇಲಿದ್ದದ್ದು ಐದೇ ರಾಜ್ಯ: ಬಿಹಾರ, ಮೇಘಾಲಯ, ಉತ್ತರ ಪ್ರದೇಶ, ಜಾರ್ಖಂಡ್, ಮಣಿಪುರ.

ದರ ಇಷ್ಟು ಇಳಿದರೂ ಜನ ಹೆಚ್ಚುತ್ತಲೇ ಇದ್ದಾರಲ್ಲ?

ಹಿಂದಿನ ತಲೆಮಾರು ಜಾಸ್ತಿ ಹೆತ್ತಿತ್ತು. ಆಗ ಹುಟ್ಟಿದ ಹೆಣ್ಣುಮಕ್ಕಳು ಈಗ ತಾಯಂದಿರಾಗುವ ವಯಸ್ಸಲ್ಲಿದ್ದಾರೆ. ತಲೆಗೆ ಎರಡೇ ಮಕ್ಕಳಾದರೂ ತಾಯಂದಿರ ಸಂಖ್ಯೆಯೇ ದೊಡ್ಡದು. ಅದರ ಮೇಲೆ ಅಜ್ಜ-ಅಜ್ಜಿಯರು ಮೊದಲಿಗಿಂತ ಹೆಚ್ಚು ಕಾಲ ಬದುಕುತ್ತಿದ್ದಾರೆ. ಓಡುತ್ತಿರುವ ಬಸ್ಸಿಗೆ ಬ್ರೇಕ್ ಹಾಕಿದರೂ ಸ್ವಲ್ಪ ದೂರ ಹೋಗಿಯೇ ನಿಲ್ಲುವುದು, ಅಷ್ಟೇ. ಭಾರತ 2023ರಲ್ಲಿ ಚೀನಾವನ್ನು ಹಿಂದೆ ಹಾಕಿತು. 2060ರ ದಶಕದ ಶುರುವಿನಲ್ಲಿ ಸುಮಾರು 170 ಕೋಟಿ ಮುಟ್ಟಿ ಇಳಿಯತೊಡಗುತ್ತದೆ ಅನ್ನುವುದು ವಿಶ್ವಸಂಸ್ಥೆಯ ಅಂದಾಜು.

ಬೆಂಗಳೂರು ನೋಡಿದರೆ ಜನ ಕಮ್ಮಿಯಾಗುವ ಲಕ್ಷಣವೇ ಕಾಣಲ್ಲ!

ಬೆಂಗಳೂರು ತುಂಬಿರುವುದು ಹೆರಿಗೆ ಆಸ್ಪತ್ರೆಯಿಂದಲ್ಲ, ಮೆಜೆಸ್ಟಿಕ್‌ನಿಂದ. 2001ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 65 ಲಕ್ಷ. 2011ಕ್ಕೆ 96 ಲಕ್ಷ. ಹತ್ತೇ ವರ್ಷದಲ್ಲಿ ಶೇ 47ರಷ್ಟು ಏರಿಕೆ.

ಅದೇ ಹತ್ತು ವರ್ಷದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಇಳಿಯಿತು. ಜಾಸ್ತಿಯೇನಲ್ಲ, 11.41 ಲಕ್ಷದಿಂದ 11.38 ಲಕ್ಷಕ್ಕೆ. ಆದರೆ ಒಂದಿಡೀ ಜಿಲ್ಲೆ ಹತ್ತು ವರ್ಷ ಬೆಳೆಯಲೇ ಇಲ್ಲ. ಕೊಡಗು ಬೆಳೆದದ್ದು ಹೆಚ್ಚುಕಮ್ಮಿ ಶೇ 1ರಷ್ಟು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತು ಇಡೀ ಕರ್ನಾಟಕದ ಜನಸಂಖ್ಯೆ ಬಗ್ಗೆ ತೀರ್ಮಾನ ಮಾಡುವವರು ಒಮ್ಮೆ ಕೊಪ್ಪ, ಶೃಂಗೇರಿ ಕಡೆ ಹೋಗಿ ಬಂದರೆ ಒಳ್ಳೆಯದು. ಟ್ರಾಫಿಕ್, ನೀರು, ಕಸದ ಸಮಸ್ಯೆ ಇದೆ, ಇಲ್ಲ ಅಂತಲ್ಲ. ಆದರೆ ಕೆಲಸವನ್ನೆಲ್ಲ ಒಂದೇ ಊರಲ್ಲಿ ಗುಡ್ಡೆ ಹಾಕಿದರೆ ಹೀಗೇ ಆಗುವುದು. ಅದಕ್ಕೆ ಮಕ್ಕಳನ್ನು ಹೆತ್ತವರು ಏನು ಮಾಡುತ್ತಾರೆ?

ಜನ ಮಕ್ಕಳನ್ನು ಕಮ್ಮಿ ಮಾಡಿಕೊಳ್ಳುತ್ತಿರುವುದು ಯಾಕೆ? ಈಗಿನ ಹುಡುಗಿಯರಿಗೆ ಸ್ವಾರ್ಥ ಅಂತಾರೆ.

ಸ್ವಾರ್ಥ ಅನ್ನುವವರು ತಮ್ಮ ಅಜ್ಜಿಯನ್ನು ಒಮ್ಮೆ ನೆನಪಿಸಿಕೊಳ್ಳಲಿ. ಹನ್ನೊಂದು ಹೆತ್ತು ಆರು ಉಳಿಸಿಕೊಂಡ ಅಜ್ಜಿಯರು ಪ್ರತಿ ಮನೆಯಲ್ಲೂ ಇದ್ದರು. ಅವರನ್ನು ಯಾರೂ ‘ಎಷ್ಟು ಬೇಕು?’ ಅಂತ ಕೇಳಲಿಲ್ಲ.

ಮೊದಲ ಕಾರಣ ಅಲ್ಲೇ ಇದೆ. ಮಕ್ಕಳು ಸಾಯುವುದು ಕಮ್ಮಿಯಾಯಿತು. ಸಿಡುಬು ಹೋಯಿತು, ಲಸಿಕೆ ಬಂತು, ಹೆರಿಗೆ ಆಸ್ಪತ್ರೆಗೆ ಬಂತು. ಹುಟ್ಟಿದ್ದು ಉಳಿಯುತ್ತದೆ ಅನ್ನುವ ಧೈರ್ಯ ಬಂದ ಮೇಲೆ ‘ಒಂದೆರಡು ಜಾಸ್ತಿ ಇರಲಿ’ ಅನ್ನುವ ಲೆಕ್ಕ ಬಿಟ್ಟುಹೋಯಿತು. ಇದು ಪ್ರಪಂಚದ ಎಲ್ಲ ಕಡೆ ನಡೆದ ಕಥೆ.

ಎರಡನೆಯದು ಹೆಣ್ಣುಮಕ್ಕಳ ಓದು. ಹತ್ತನೇ ಕ್ಲಾಸು ದಾಟಿದ ಹುಡುಗಿಗೆ ಮದುವೆ ತಡವಾಗುತ್ತದೆ. ಮೊದಲ ಮಗು ತಡವಾಗುತ್ತದೆ. ಎಷ್ಟು ಮಕ್ಕಳು ಅನ್ನುವ ಮಾತಲ್ಲಿ ಅವಳ ದನಿಯೂ ಸೇರುತ್ತದೆ. ಜನಸಂಖ್ಯೆ ಬಗ್ಗೆ ಕೆಲಸ ಮಾಡುವವರು ಬೇರೆ ಬೇರೆ ವಿಷಯಕ್ಕೆ ಜಗಳವಾಡಿದರೂ ಇದರಲ್ಲಿ ಮಾತ್ರ ಒಂದಾಗುತ್ತಾರೆ.

ಮೂರನೆಯದು ದುಡ್ಡು. ಹೊಲದ ಮನೆಯಲ್ಲಿ ಏಳು ವರ್ಷದ ಮಗು ಎಮ್ಮೆ ಕಾಯುತ್ತಿತ್ತು, ತಂಗಿಯನ್ನು ಎತ್ತಿಕೊಳ್ಳುತ್ತಿತ್ತು. ಈಗ ಅದೇ ವಯಸ್ಸಿನ ಮಗುವಿಗೆ ಸ್ಕೂಲ್ ಫೀಸು, ವ್ಯಾನ್ ಫೀಸು, ಟ್ಯೂಷನ್. ಮುಂದೆ ನೀಟ್, ಸಿಇಟಿ ಕೋಚಿಂಗು. ಎಲ್‌ಕೆಜಿ ಸೀಟಿಗೆ ಡೊನೇಷನ್ ಕಟ್ಟಿ ಬಂದ ದಂಪತಿ ಮನೆಗೆ ಬಂದು ಎರಡನೇ ಮಗುವಿನ ಮಾತೆತ್ತುವುದು ಅಪರೂಪ.

ನಾಲ್ಕನೆಯದನ್ನು ಜಾಸ್ತಿ ಜನ ಹೇಳುವುದಿಲ್ಲ. ಹೆಣ್ಣು ಹೊರಗೆ ದುಡಿಯಲು ಶುರುಮಾಡಿದಳು, ಆದರೆ ಗಂಡು ಒಳಗೆ ದುಡಿಯಲು ಶುರುಮಾಡಲಿಲ್ಲ. ಮಗು ಎದ್ದರೆ ಅವಳೇ, ಜ್ವರ ಬಂದರೆ ಅವಳದ್ದೇ ರಜೆ, ಅತ್ತೆಗೆ ಡಯಾಲಿಸಿಸ್ ಆದರೂ ಅವಳೇ. ಹೀಗಿರುವಾಗ ‘ಒಂದೇ ಸಾಕು’ ಅನ್ನುವುದು ಸ್ವಾರ್ಥವಲ್ಲ, ಸರಿಯಾದ ಲೆಕ್ಕ. ದಕ್ಷಿಣ ಕೊರಿಯಾದಲ್ಲೂ ಇದೇ ಲೆಕ್ಕ ನಡೆದಿದೆ. ಅದನ್ನು ಆಮೇಲೆ ನೋಡೋಣ.

ಬಂಜೆತನ ಹೆಚ್ಚಾಗಿರುವುದೇ ಕಾರಣ ಅಂತ ಕೆಲವರು ಹೇಳುತ್ತಾರೆ. ಊರೂರಲ್ಲಿ ಐವಿಎಫ್ ಸೆಂಟರ್ ಬೋರ್ಡ್ ನೋಡಿದರೆ ಹಾಗನ್ನಿಸುವುದು ಸಹಜ. ಮದುವೆ, ಮಗು ತಡವಾದಾಗ ಕೆಲವರಿಗೆ ತೊಂದರೆ ಆಗುವುದು ನಿಜ. ಆದರೆ ಆರರಿಂದ ಎರಡಕ್ಕೆ ಇಳಿದದ್ದು ಅದರಿಂದಲ್ಲ. ಜನ ಬೇಕು ಅಂತಲೇ ಕಮ್ಮಿ ಮಾಡಿಕೊಂಡರು.

ಹಾಗಾದರೆ ಕುಟುಂಬ ಯೋಜನೆ ಕೆಲಸ ಮಾಡಲಿಲ್ಲವಾ?

ಮಾಡಿತು. ಮೈಸೂರಿನವರು ಇದರಲ್ಲಿ ಹೆಮ್ಮೆಪಡಬಹುದು. ಸರ್ಕಾರವೇ ಜನನ ನಿಯಂತ್ರಣ ಕ್ಲಿನಿಕ್ ತೆರೆದದ್ದು ಪ್ರಪಂಚದಲ್ಲೇ ಮೊದಲು ಮೈಸೂರು ಸಂಸ್ಥಾನದಲ್ಲಿ, 1930ರಲ್ಲಿ. ಸ್ವತಂತ್ರ ಭಾರತ 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನೆ ಶುರುಮಾಡಿತು. ಇಂಥ ಯೋಜನೆ ಹಾಕಿಕೊಂಡ ಮೊದಲ ದೇಶ ನಮ್ಮದು. ಕೆಂಪು ತ್ರಿಕೋನ, ‘ಆರತಿಗೊಬ್ಬಳು, ಕೀರ್ತಿಗೊಬ್ಬ’, ಬಸ್ಸಿನ ಹಿಂದೆ ನಗುವ ನಾಲ್ಕು ಮುಖ, ಇವೆಲ್ಲ ನಡುವಯಸ್ಸು ದಾಟಿದವರಿಗೆ ಬಾಯಿಪಾಠ.

ಕಪ್ಪು ಅಧ್ಯಾಯವೂ ಇದೆ. ತುರ್ತು ಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಅದರಲ್ಲಿ 62 ಲಕ್ಷ ಗಂಡಸರಿಗೆ. ಟಾರ್ಗೆಟ್ ಮುಟ್ಟಿಸಲು ಮೇಷ್ಟ್ರುಗಳ ಸಂಬಳ ತಡೆದರು, ಉತ್ತರದ ಹಳ್ಳಿಗಳಲ್ಲಿ ಪೊಲೀಸರನ್ನು ಬಿಟ್ಟು ಹಿಡಿಸಿದರು. 1977ರ ಚುನಾವಣೆಯಲ್ಲಿ ಇಂದಿರಾ ಗಾಂಧಿ ಸೋತದ್ದಕ್ಕೆ ಇದೂ ಒಂದು ಕಾರಣ.

ಆಮೇಲೆ ಏನಾಯಿತು ನೋಡಿ. ಯಾವ ಸರ್ಕಾರಕ್ಕೂ ಗಂಡಸರನ್ನು ಮುಟ್ಟುವ ಧೈರ್ಯ ಉಳಿಯಲಿಲ್ಲ. ಇಡೀ ಕಾರ್ಯಕ್ರಮ ಹೆಂಗಸರ ಮೇಲೆ ಬಿತ್ತು. ಇವತ್ತು ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ‘ಆಪರೇಷನ್’ ಮಾಡಿಸಿಕೊಂಡವರು. ಎಷ್ಟೋ ಜನ ಮೂವತ್ತು ತುಂಬುವ ಮೊದಲೇ. ಗಂಡಸರ ಲೆಕ್ಕ ಹೆಚ್ಚುಕಮ್ಮಿ ಸೊನ್ನೆ. ಗಂಡಸರಿಗೆ ಮಾಡುವುದು ಚಿಕ್ಕ ಆಪರೇಷನ್, ಸುಲಭ, ಅಪಾಯವೂ ಕಮ್ಮಿ. ಆದರೂ ಹೀಗೆ.

ಚೀನಾ ಥರ ನಮಗೂ ಕಟ್ಟುನಿಟ್ಟಿನ ಕಾನೂನು ಬೇಕಲ್ವಾ?

ಬೇಡ. ಚೀನಾದ ಕಥೆಯನ್ನೇ ಸರಿಯಾಗಿ ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ. ಒಂದೇ ಮಗುವಿನ ನೀತಿ ಬಂದದ್ದು 1980ರಲ್ಲಿ. ಅದಕ್ಕೂ ಮೊದಲೇ, 1970ರ ದಶಕದಲ್ಲಿ, ಅಲ್ಲಿನ ದರ ಆರರ ಹತ್ತಿರದಿಂದ ಮೂರಕ್ಕೂ ಕೆಳಗೆ ಇಳಿದಿತ್ತು. ಆಮೇಲೆ ದಂಡ ಹಾಕಿದರು, ಬಲವಂತದ ಗರ್ಭಪಾತ ಮಾಡಿಸಿದರು, ಗಂಡು-ಹೆಣ್ಣಿನ ಲೆಕ್ಕವನ್ನೇ ಕೆಡಿಸಿದರು. 2016ರಲ್ಲಿ ಎರಡು ಮಗು ಆಗಬಹುದು ಅಂದರು. 2021ರಲ್ಲಿ ಮೂರು ಅಂದರು. ಜನ ಕೇಳಲಿಲ್ಲ. 2022ರಿಂದ ಚೀನಾದ ಜನಸಂಖ್ಯೆ ಇಳಿಯುತ್ತಿದೆ.

ಕೇರಳದಲ್ಲಿ ಅಂಥ ಕಾನೂನು ಇರಲಿಲ್ಲ. ಶಾಲೆ, ದಾದಿ, ಆಸ್ಪತ್ರೆ ಇತ್ತು. ದರ ತಾನಾಗಿ ಇಳಿಯಿತು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಈ ಹೋಲಿಕೆಯನ್ನು ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಉತ್ತರ ಪ್ರದೇಶ 2021ರಲ್ಲಿ ಎರಡು ಮಗುವಿನ ಮಸೂದೆಯ ಕರಡು ತಂದಿತು, ಅದು ಕಾನೂನಾಗಲಿಲ್ಲ. ಅಲ್ಲೂ ದರ ಇಳಿಯುತ್ತಲೇ ಇದೆ.

ಒಂದು ಧರ್ಮದವರು ಬೇಕು ಅಂತಲೇ ಜಾಸ್ತಿ ಹೆರುತ್ತಿದ್ದಾರೆ ಅನ್ನುವ ವಾಟ್ಸಾಪ್ ಮೆಸೇಜು?

ಅಂಕಿಗಳೇ ಉತ್ತರ. 1992–93ರಲ್ಲಿ ಮುಸ್ಲಿಂ ಮಹಿಳೆಯರ ದರ 4.4, ಹಿಂದೂ ಮಹಿಳೆಯರದ್ದು 3.3. 2019–21ಕ್ಕೆ 2.4 ಮತ್ತು 1.9. ಎರಡೂ ಇಳಿದವು, ಹೆಚ್ಚು ಇಳಿದದ್ದು ಮುಸ್ಲಿಮರದ್ದು. ನಡುವಿನ ಅಂತರ 1.1ರಿಂದ ಅರ್ಧಕ್ಕೆ ಬಂತು. ಬಿಹಾರದ ಹಿಂದೂ ಮಹಿಳೆಯರ ದರ ಕೇರಳದ ಮುಸ್ಲಿಂ ಮಹಿಳೆಯರ ದರಕ್ಕಿಂತ ಜಾಸ್ತಿ. ಓದು, ಆದಾಯ, ಊರು, ಇವು ನಿರ್ಧಾರ ಮಾಡುವಷ್ಟು ದೇವರು ಮಾಡುವುದಿಲ್ಲ. ಮೆಸೇಜ್ ಕಳಿಸಿದವರಿಗೆ ಇಷ್ಟು ಸಾಕು.

ಜನ ಹೆಚ್ಚಾದರೆ ಊಟಕ್ಕೆ ಗತಿಯಿಲ್ಲ ಅನ್ನುವ ಭಯ ಸುಳ್ಳಾಯಿತಾ?

ಆ ಭಯಕ್ಕೆ ಇನ್ನೂರು ವರ್ಷ ದಾಟಿದೆ. 1798ರಲ್ಲಿ ಇಂಗ್ಲೆಂಡಿನ ಪಾದ್ರಿ ಮಾಲ್ಥಸ್ ಹೇಳಿದ: ಜನ ದುಪ್ಪಟ್ಟು ದುಪ್ಪಟ್ಟಾಗಿ ಬೆಳೆಯುತ್ತಾರೆ, ಬೆಳೆ ಹಾಗೆ ಬೆಳೆಯಲ್ಲ, ಕೊನೆಗೆ ಹಸಿವು, ರೋಗ. 1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಪಾಲ್ ಎರ್ಲಿಕ್ ಅದನ್ನೇ ಇನ್ನೂ ಜೋರಾಗಿ ಹೇಳಿದರು. 1970ರ ದಶಕದಲ್ಲಿ ಕೋಟ್ಯಂತರ ಜನ ಉಪವಾಸದಿಂದ ಸಾಯುತ್ತಾರೆ ಅಂದರು. ಭಾರತದ ಮೇಲಂತೂ ಅವರಿಗೆ ನಂಬಿಕೆಯೇ ಇರಲಿಲ್ಲ.

ಆಗ ನಮ್ಮಲ್ಲಿ ಅಮೆರಿಕ ನೆರವಾಗಿ ಕಳಿಸುತ್ತಿದ್ದ ಪಿ.ಎಲ್. 480 ಗೋಧಿಗೆ ಕಾಯುವ ಸ್ಥಿತಿ ಇದ್ದದ್ದು ನಿಜ. ಆದರೆ ಅದೇ ಹೊತ್ತಿಗೆ ಅಮೆರಿಕದ ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ತಳಿಯ ಗೋಧಿ ಪಂಜಾಬಿನ ಹೊಲಕ್ಕೆ ಬಂದಿತ್ತು. ಇತ್ತ ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನು ತೆಗೆದರು. ಹಳೇ ಮೈಸೂರಿನ ಮುದ್ದೆ ದೊಡ್ಡದಾದದ್ದು ಆಗ. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಕರೆದರು. ಹಸಿರು ಕ್ರಾಂತಿ ಅಂದಾಗ ಗೋಧಿ, ಭತ್ತ ಮಾತ್ರ ನೆನಪಾಗುವುದು ಅವರಿಗೆ ಮಾಡುವ ಅನ್ಯಾಯ.

ಎರ್ಲಿಕ್ 1980ರಲ್ಲಿ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಜೊತೆ ಬಾಜಿಯನ್ನೂ ಕಟ್ಟಿದರು. ತಾಮ್ರ, ತವರ, ನಿಕಲ್, ಕ್ರೋಮಿಯಂ, ಟಂಗ್‌ಸ್ಟನ್, ಈ ಐದು ಲೋಹದ ಬೆಲೆ ಹತ್ತು ವರ್ಷದಲ್ಲಿ ಏರುತ್ತದಾ, ಇಳಿಯುತ್ತದಾ ಅಂತ. ಜನ ಹೆಚ್ಚಾದರು, ಬೆಲೆ ಇಳಿಯಿತು. 1990ರಲ್ಲಿ ಎರ್ಲಿಕ್ 576 ಡಾಲರ್ 7 ಸೆಂಟಿನ ಚೆಕ್ ಕಳಿಸಿದರು. ಈ ಕಥೆಯನ್ನು ಬೇಕಾದಷ್ಟು ಜನ ಇಲ್ಲಿಗೇ ನಿಲ್ಲಿಸಿ ನಗುತ್ತಾರೆ. ಬೇರೆ ದಶಕ ಆರಿಸಿಕೊಂಡಿದ್ದರೆ ಎರ್ಲಿಕ್ ಗೆಲ್ಲುವ ಸಾಧ್ಯತೆಯೂ ಇತ್ತು ಅಂತ ಆಮೇಲೆ ಲೆಕ್ಕ ಹಾಕಿದವರು ತೋರಿಸಿದ್ದಾರೆ. ಹತ್ತು ವರ್ಷದ ಲೋಹದ ರೇಟಿನಿಂದ ಭೂಮಿಯ ಗತಿ ಗೊತ್ತಾಗುವುದಿಲ್ಲ.

ಆದರೂ ಭೂಮಿ ಇಷ್ಟು ಜನರನ್ನು ತಡೆದುಕೊಳ್ಳುತ್ತಾ?

ಎಷ್ಟು ಜನ ಅನ್ನುವುದರ ಜೊತೆಗೆ ಎಂಥಾ ಜನ ಅಂತಲೂ ಕೇಳಬೇಕು. ಒಬ್ಬ ಭಾರತೀಯನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್. ಒಬ್ಬ ಅಮೆರಿಕನ್ನನದು ಅದರ ಆರೇಳು ಪಟ್ಟು. ನಮ್ಮೊಳಗೂ ಹಾಗೇ. ದೇವದುರ್ಗದ ಕೂಲಿ ಕುಟುಂಬದ ನಾಲ್ಕು ಮಕ್ಕಳಿಗೆ ಬೇಕಾಗುವ ಕರೆಂಟು, ಪೆಟ್ರೋಲು, ನೀರು ಬೆಂಗಳೂರಿನ ಗೇಟೆಡ್ ಕಮ್ಯುನಿಟಿಯ ಒಂದು ಮಗುವಿಗೆ ಸಾಲುವುದಿಲ್ಲ. ಬಡವರ ಮನೆಯ ಮಕ್ಕಳನ್ನು ಎಣಿಸಿ ಪರಿಸರದ ಬಗ್ಗೆ ಕಳವಳ ಪಡುವವರು ಎರಡನೇ ಕಾರು ಬುಕ್ ಮಾಡಿರುತ್ತಾರೆ.

ಹಾಗಂತ ಸಂಖ್ಯೆ ಲೆಕ್ಕಕ್ಕೇ ಬರಲ್ಲ ಅನ್ನುವುದೂ ತಪ್ಪು. ಕೋಲಾರದ ಬೋರ್‌ವೆಲ್ಲು ಎಷ್ಟು ಆಳ ಹೋಗಿದೆ ಅಂತ ನೋಡಿದವರು ಹಾಗೆ ಹೇಳುವುದಿಲ್ಲ. ನೈಜರ್, ಚಾಡ್, ಕಾಂಗೋದಂಥ ದೇಶಗಳಲ್ಲಿ ಈಗಲೂ ತಾಯಿಗೆ ಐದಾರು ಮಕ್ಕಳು. ಅಲ್ಲಿನ ಶಾಲೆ, ಆಸ್ಪತ್ರೆಗೆ ಅದು ನಿಜವಾದ ಹೊರೆ. ಅಲ್ಲಿಗೂ ಮದ್ದು ಹೆಣ್ಣುಮಕ್ಕಳ ಓದು, ಬದುಕುವ ಮಗು, ಕೇಳಿದಾಗ ಸಿಗುವ ಗರ್ಭನಿರೋಧಕ. ನಮ್ಮಲ್ಲಿ ಆದದ್ದೂ ಅದೇ ಅಲ್ವಾ?

ಸರ್ಕಾರ ದುಡ್ಡು ಕೊಟ್ಟರೆ ಜನ ಮತ್ತೆ ಹೆರುತ್ತಾರಾ?

ಸ್ವಲ್ಪ ಹೆರಬಹುದು. ಆದರೆ ಆ ಏರಿಕೆ ಬಹಳ ಕಾಲ ಉಳಿಯುವುದಿಲ್ಲ.

ಹಂಗೇರಿ ಮಕ್ಕಳಿರುವವರಿಗೆ ಸಾಲ ಮನ್ನಾ, ತೆರಿಗೆ ವಿನಾಯಿತಿ ಎಲ್ಲ ಕೊಟ್ಟಿತು. 2011ರಲ್ಲಿ 1.2 ಇದ್ದ ದರ ಹತ್ತು ವರ್ಷದಲ್ಲಿ 1.6ರ ಹತ್ತಿರ ಏರಿತು. ಆಮೇಲೆ ಮತ್ತೆ ಇಳಿದು 2024ಕ್ಕೆ 1.4 ಆಯಿತು.

ದಕ್ಷಿಣ ಕೊರಿಯಾ 2006ರಿಂದ ಹೊಳೆಯಂತೆ ದುಡ್ಡು ಹರಿಸಿದೆ. 2023ರಲ್ಲಿ ಅದರ ದರ 0.72. ಪ್ರಪಂಚದಲ್ಲೇ ಕನಿಷ್ಠ. 2024ರಲ್ಲಿ 0.75 ಆಯಿತು ಅಂತ ಅಲ್ಲಿ ಸಂಭ್ರಮ. ಸಿಯೋಲ್‌ನಲ್ಲಿ ಮನೆ ಕೊಳ್ಳಲಾಗದ ರೇಟು. ಶಾಲೆ ಬಿಟ್ಟ ಮೇಲೆ ರಾತ್ರಿ ಹತ್ತರವರೆಗೆ ಟ್ಯೂಷನ್ ಸೆಂಟರ್. ಆಫೀಸಿನಿಂದ ಮೇಲಧಿಕಾರಿ ಹೊರಡದೆ ಹೊರಡುವಂತಿಲ್ಲ. ಮನೆಗೆಲಸ ಎಲ್ಲ ಹೆಂಡತಿಯದು. ಅದಕ್ಕೆ ಹುಡುಗಿಯರು ಮದುವೆಯನ್ನೇ ಬೇಡ ಅನ್ನುತ್ತಿದ್ದಾರೆ. ಮಗು ಹುಟ್ಟಿದಾಗ ಕೈಗೆ ಕೊಡುವ ದುಡ್ಡು ಇದ್ಯಾವುದನ್ನೂ ಮುಟ್ಟುವುದಿಲ್ಲ. ಬೆಂಗಳೂರು, ಮಂಗಳೂರಿನ ಮಧ್ಯಮ ವರ್ಗದವರು ಈ ಪಟ್ಟಿ ಓದಿ ‘ನಮ್ಮ ಮನೆಯ ಕಥೆ’ ಅಂದುಕೊಂಡರೆ ಆಶ್ಚರ್ಯವಿಲ್ಲ.

ಬಲವಂತದ ದಾರಿಯನ್ನು ರೊಮೇನಿಯಾ ಹಿಡಿದಿತ್ತು. 1966ರಲ್ಲಿ ಸರ್ವಾಧಿಕಾರಿ ಚೌಷೆಸ್ಕು ಗರ್ಭಪಾತ ನಿಷೇಧಿಸಿದ. ಒಂದೇ ವರ್ಷದಲ್ಲಿ ದರ ದುಪ್ಪಟ್ಟಾಯಿತು. ಆಮೇಲೆ ಮತ್ತೆ ಇಳಿಯಿತು. ಉಳಿದದ್ದು ಕದ್ದು ಮಾಡಿಸಿಕೊಂಡ ಗರ್ಭಪಾತದಲ್ಲಿ ಸತ್ತ ಸಾವಿರಾರು ಹೆಂಗಸರು ಮತ್ತು ತುಂಬಿ ತುಳುಕಿದ ಅನಾಥಾಲಯಗಳು.

ಒಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಅದೇ 1966ರಲ್ಲಿ ಜಪಾನಿನಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಕಾಲುಭಾಗ ಕಮ್ಮಿಯಾಯಿತು. ಅದು ಅವರ ಪಂಚಾಂಗದಲ್ಲಿ ‘ಬೆಂಕಿ ಕುದುರೆ’ಯ ವರ್ಷ. ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. ಆ ವರ್ಷ ಹುಟ್ಟಿದ ಹೆಣ್ಣು ಗಂಡನನ್ನು ನುಂಗುತ್ತಾಳೆ ಅಂತ ನಂಬಿಕೆ. ಮೂಲಾ ನಕ್ಷತ್ರದ ಹುಡುಗಿಗೆ ಗಂಡು ಸಿಗದ ಊರಿನವರಾದ ನಮಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಆ ಸುತ್ತು ಮತ್ತೆ ಬರುವುದು 2026ರಲ್ಲಿ.

ವಯಸ್ಸಾದವರು ಹೆಚ್ಚಾದರೆ ಏನು ತೊಂದರೆ? ದೀರ್ಘಾಯುಷ್ಯ ಒಳ್ಳೆಯದೇ ಅಲ್ವಾ?

ಒಳ್ಳೆಯದೇ. ತೊಂದರೆ ಇರುವುದು ವೇಗದಲ್ಲಿ. 65 ದಾಟಿದವರ ಪಾಲು ಶೇ 7ರಿಂದ 14ಕ್ಕೆ ಏರಲು ಫ್ರಾನ್ಸಿಗೆ ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಅಷ್ಟರಲ್ಲಿ ಅವರು ಶ್ರೀಮಂತರಾದರು, ಪಿಂಚಣಿ ಕಟ್ಟಿಕೊಂಡರು. ಜಪಾನಿಗೆ ಕಾಲು ಶತಮಾನ ಸಾಕಾಯಿತು, ಆದರೆ ಅಷ್ಟರಲ್ಲಿ ಅದೂ ಶ್ರೀಮಂತ ದೇಶ. ಭಾರತ ಈಗಷ್ಟೇ ಶೇ 7 ದಾಟಿದೆ. ನಮ್ಮ ಕೈಯಲ್ಲಿ ಏನಿದೆ?

ಇಲ್ಲಿ ದುಡಿಯುವವರಲ್ಲಿ ಹತ್ತಕ್ಕೆ ಎಂಟೊಂಬತ್ತು ಜನರಿಗೆ ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಗಾರೆ ಕೆಲಸದವರು, ಬೀಡಿ ಕಟ್ಟುವವರು, ಮನೆಗೆಲಸದವರು, ಸಣ್ಣ ರೈತರು. ಅವರ ಬದುಕಲ್ಲಿ ನಿವೃತ್ತಿ ಅನ್ನುವುದೇ ಇಲ್ಲ, ಮೈ ಕೈಕೊಟ್ಟ ದಿನ ಕೆಲಸ ನಿಲ್ಲುತ್ತದೆ. 60ರಿಂದ 79 ವಯಸ್ಸಿನ ಬಡವರಿಗೆ ಕೇಂದ್ರ ಕೊಡುವ ವೃದ್ಧಾಪ್ಯ ವೇತನದ ಪಾಲು ತಿಂಗಳಿಗೆ 200 ರೂಪಾಯಿ. ಎಷ್ಟೋ ವರ್ಷದಿಂದ ಹಾಗೇ ನಿಂತಿದೆ. ಕರ್ನಾಟಕದ ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ 1,200 ರೂಪಾಯಿ. ಬಿಪಿ, ಶುಗರ್ ಮಾತ್ರೆಗೇ ಅದು ಮುಗಿಯುತ್ತದೆ.

ಪಕ್ಕದ ಕೇರಳ ನಮಗಿಂತ ಮುಂದಿದೆ. 2031ಕ್ಕೆ ಅಲ್ಲಿ ಐವರಲ್ಲಿ ಒಬ್ಬರು 60 ದಾಟಿರುತ್ತಾರೆ ಅಂತ ಅಂದಾಜು. ಆದರೆ ಅಲ್ಲಿ ಪಂಚಾಯಿತಿ ಮಟ್ಟದಲ್ಲಿ, ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಜಾಲ ಇದೆ. ನಾವು ಮಕ್ಕಳನ್ನು ಕಮ್ಮಿ ಮಾಡಿಕೊಳ್ಳುವುದರಲ್ಲಿ ಮಾತ್ರ ಅವರನ್ನು ಹಿಂಬಾಲಿಸಿದೆವು.

ಮುಪ್ಪು ಅಂದರೆ ಬಹುಪಾಲು ಹೆಣ್ಣಿನ ಮುಪ್ಪು ಅನ್ನುವುದೂ ನೆನಪಿರಲಿ. ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ. ಮದುವೆಯಾಗುವಾಗಲೇ ಗಂಡನಿಗಿಂತ ಚಿಕ್ಕವರು. ಹಾಗಾಗಿ ಕೊನೆಯ ಹತ್ತು ಹದಿನೈದು ವರ್ಷ ಒಂಟಿ. ಆಸ್ತಿ ಹೆಸರಲ್ಲಿಲ್ಲ, ಬ್ಯಾಂಕ್ ವ್ಯವಹಾರ ಗೊತ್ತಿಲ್ಲ. ಗಂಡನನ್ನು ನೋಡಿಕೊಂಡವಳು ಅವಳು, ಅವಳನ್ನು ನೋಡಿಕೊಳ್ಳಲು ಯಾರೂ ಇಲ್ಲ.

ಜಪಾನಿನಲ್ಲಿ ಈಗ 65 ದಾಟಿದವರು ಶೇ 29ರಷ್ಟು. ಅಲ್ಲಿನ ಓಜಿ ಕಂಪನಿ 2024ರಲ್ಲಿ ಮಕ್ಕಳ ಡೈಪರ್ ತಯಾರಿಕೆಯನ್ನು ತನ್ನ ದೇಶದ ಮಟ್ಟಿಗೆ ನಿಲ್ಲಿಸಿ, ದೊಡ್ಡವರ ಡೈಪರ್ ಕಡೆಗೆ ಗಮನ ಕೊಡುವುದಾಗಿ ಹೇಳಿತು. ಅಲ್ಲಿ ಖಾಲಿ ಬಿದ್ದ ಮನೆಗಳೇ 90 ಲಕ್ಷ.

ಹಳ್ಳಿ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಅನ್ನುವುದೂ ಇದಕ್ಕೇ ಸಂಬಂಧಪಟ್ಟದ್ದಾ?

ಸಂಬಂಧ ಇದೆ, ಆದರೆ ಬರೀ ಮಕ್ಕಳು ಕಮ್ಮಿಯಾದದ್ದರಿಂದಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟರು. ಹೆಚ್ಚಿನವರು ರೈತರು. ಟಿವಿಯವರು ತಮಾಷೆ ಮಾಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಲಿಂಗ ಪತ್ತೆ ನಿಷೇಧಿಸುವ ಕಾನೂನು ಬಂದದ್ದು 1994ರಲ್ಲಿ.

ಎರಡು ಸುದ್ದಿಯನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ‘ಒಂದೇ ಮಗು, ಅದೂ ಗಂಡೇ ಆಗಲಿ’ ಅನ್ನುವ ಮನೆಗಳು ಹೆಚ್ಚಾದಷ್ಟೂ ಇಪ್ಪತ್ತೈದು ವರ್ಷದ ನಂತರ ಬೆಟ್ಟ ಹತ್ತುವವರು ಹೆಚ್ಚಾಗುತ್ತಾರೆ.

ಜೊತೆಗೆ ಹುಡುಗಿಯರಿಗೂ ಅವರದ್ದೇ ಲೆಕ್ಕ ಇದೆ. ಮಲೆನಾಡು, ಉತ್ತರ ಕನ್ನಡದಲ್ಲಿ ಐದು ಎಕರೆ ಅಡಿಕೆ ತೋಟ ಇದ್ದರೂ ಹುಡುಗನಿಗೆ ಹೆಣ್ಣಿಲ್ಲ. ಡಿಗ್ರಿ ಮಾಡಿದ ಹುಡುಗಿಗೆ ಆ ಮನೆಯಲ್ಲಿ ಕಾಣುವುದು ತೋಟವಲ್ಲ. ಕೊಟ್ಟಿಗೆ, ಒಲೆ, ಇಬ್ಬರು ವಯಸ್ಸಾದವರು ಮತ್ತು ತನ್ನದೊಂದು ಕೆಲಸ ಇಲ್ಲದಿರುವುದು. ಅದಕ್ಕೆ ದೂರದ ರಾಜ್ಯಗಳಿಂದ ಹೆಣ್ಣು ತರುವುದು ನಡೆದಿದೆ. ಅಡುಗೆ, ಭಾಷೆ ಎರಡನ್ನೂ ಕಲಿತು ನಿಂತ ಆ ಹೆಣ್ಣುಮಕ್ಕಳ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು.

ದಕ್ಷಿಣದ ರಾಜ್ಯಗಳಿಗೆ ಇದರಿಂದ ಅನ್ಯಾಯ ಆಗುತ್ತಿದೆಯಾ?

ರಾಜಕೀಯವಾಗಿ ಇದೇ ಎಲ್ಲಕ್ಕಿಂತ ಬಿಸಿಯಾದ ಪ್ರಶ್ನೆ. ಲೋಕಸಭೆಯಲ್ಲಿ ರಾಜ್ಯಗಳಿಗೆ ಸೀಟು ಹಂಚಿದ್ದು 1971ರ ಜನಗಣತಿ ಆಧಾರದಲ್ಲಿ. ಕುಟುಂಬ ಯೋಜನೆ ಪಾಲಿಸಿದ ರಾಜ್ಯಕ್ಕೆ ನಷ್ಟ ಆಗಬಾರದು ಅಂತ 1976ರಲ್ಲಿ ಸಂವಿಧಾನ ತಿದ್ದಿ ಆ ಲೆಕ್ಕವನ್ನು ತಡೆಹಿಡಿದರು. ಆಮೇಲೆ ಇನ್ನೊಂದು ತಿದ್ದುಪಡಿ ತಂದು, 2026ರ ನಂತರದ ಮೊದಲ ಜನಗಣತಿವರೆಗೆ ಮುಂದಕ್ಕೆ ಹಾಕಿದರು. ಕರ್ನಾಟಕದ 28 ಸೀಟು ಆ ಹಳೆಯ ಲೆಕ್ಕದ್ದು. ಬರೀ ತಲೆ ಎಣಿಸಿ ಹಂಚಿದರೆ ಉತ್ತರದ ತೂಕ ಹೆಚ್ಚುತ್ತದೆ, ದಕ್ಷಿಣದ್ದು ತಗ್ಗುತ್ತದೆ.

ದುಡ್ಡಿನ ವಿಷಯದಲ್ಲಿ ಏಟು ಆಗಲೇ ಬಿದ್ದಿದೆ. 15ನೇ ಹಣಕಾಸು ಆಯೋಗ 1971ರ ಬದಲು 2011ರ ಜನಸಂಖ್ಯೆ ಹಿಡಿಯಿತು. ಬೇರೆ ಅಳತೆಗೋಲುಗಳೂ ಸೇರಿ, ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 2021–26ರ ಅವಧಿಗೆ ಶೇ 4.71ರಿಂದ 3.65ಕ್ಕೆ ಇಳಿಯಿತು. ಜನಸಂಖ್ಯೆ ಹತೋಟಿಗೆ ಅಂತ ಒಂದಿಷ್ಟು ಅಂಕ ಇಟ್ಟಿದ್ದರು, ಅದು ಸಾಕಾಗಲಿಲ್ಲ.

ನನ್ನ ಅಭಿಪ್ರಾಯ: ದಕ್ಷಿಣದ ದೂರು ನ್ಯಾಯವಾದದ್ದು. ಬಿಹಾರದ ಒಬ್ಬ ಮತದಾರನ ಓಟಿಗೆ ನಮ್ಮ ಓಟಿನಷ್ಟೇ ಬೆಲೆ ಇರಬೇಕು ಅನ್ನುವ ಅವರ ವಾದವೂ ನ್ಯಾಯವಾದದ್ದೇ. ಬರೀ ತಲೆಯೆಣಿಕೆಯಿಂದ ಇದು ಬಗೆಹರಿಯಲ್ಲ. ಕೂತು ಮಾತಾಡಿ ರಾಜಿಯಾಗಬೇಕಾದ ವಿಷಯ.

ಅದಕ್ಕೇ ‘ಮಕ್ಕಳನ್ನು ಜಾಸ್ತಿ ಮಾಡಿಕೊಳ್ಳಿ’ ಅಂತ ನಾಯಕರು ಹೇಳುತ್ತಿರುವುದಾ?

ಹೌದು. 2024ರ ಅಕ್ಟೋಬರ್‌ನಲ್ಲಿ ಆಂಧ್ರದ ಚಂದ್ರಬಾಬು ನಾಯ್ಡು ಹಾಗೆ ಹೇಳಿದರು. ಅದರ ಬೆನ್ನಲ್ಲೇ ತಮಿಳುನಾಡಿನ ಸ್ಟಾಲಿನ್, ಸಾಮೂಹಿಕ ಮದುವೆಯೊಂದರಲ್ಲಿ, ಹದಿನಾರು ಮಕ್ಕಳ ಮಾತೆತ್ತಿದರು. ನಮ್ಮಲ್ಲೂ ‘ಅಷ್ಟಪುತ್ರ ಸೌಭಾಗ್ಯವತೀ ಭವ’ ಅಂತ ಪುರೋಹಿತರು ಈಗಲೂ ಹೇಳುತ್ತಾರೆ. ವಧು ಸುಮ್ನೆ ತಲೆ ಬಾಗಿಸುತ್ತಾಳೆ. ಎಂಟು ಯಾರೂ ಹೆರುವುದಿಲ್ಲ. ಇನ್ನು ಲೋಕಸಭಾ ಸೀಟು ಉಳಿಸಲು ಹೆರುತ್ತಾರಾ?

ಮಗು ಬೇಕು ಅನ್ನುವವರ ದಾರಿ ಸುಲಭ ಮಾಡುವುದು ಬೇರೆ ಮಾತು. ಕರ್ನಾಟಕದಲ್ಲಿ ನರೇಗಾ ಕೂಲಿಗೆ ಹೋಗುತ್ತಿದ್ದ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರುವಾಯಿತು. ಆ ದಾರಿ ಸರಿ. ಗಾರ್ಮೆಂಟ್ಸ್ ಹುಡುಗಿಯರಿಗೆ, ಆಫೀಸಿನವರಿಗೆ ಅಂಥದ್ದು ನಂಬಿಕೆಯಿಂದ ಬಿಟ್ಟುಹೋಗುವ ಹಾಗೆ ಎಲ್ಲಿದೆ? ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ತಾಯಿಗೆ 26 ವಾರ ರಜೆ ಕೊಟ್ಟಿತು. ಖಾಸಗಿ ಕೆಲಸದ ಅಪ್ಪನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಹೆಣ್ಣನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಮಾಲೀಕರು ಎರಡು ಸಲ ಯೋಚಿಸುವಂತಾಯಿತು, ಅಷ್ಟೇ.

ಕೆಲಸಕ್ಕೆ ಜನ ಸಿಗದಿದ್ದರೆ ಏನು ಗತಿ?

ಈಗಾಗಲೇ ಉತ್ತರ ಕಣ್ಣೆದುರು ಇದೆ. ಕೊಡಗಿನ ಕಾಫಿ ತೋಟಕ್ಕೆ ಅಸ್ಸಾಮಿನವರು ಬಂದಿದ್ದಾರೆ. ಮಂಗಳೂರಿನ ಹೋಟೆಲ್, ಬೆಂಗಳೂರಿನ ಮೆಟ್ರೋ ಕಾಮಗಾರಿಯಲ್ಲಿ ಬಿಹಾರ, ಒಡಿಶಾ, ಬಂಗಾಳದವರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವವರು ಮೆಣಸು ಕೊಯ್ಯುವ ಕಾಲಕ್ಕೆ ಅವರಿಗೇ ಫೋನ್ ಮಾಡುತ್ತಾರೆ. ಮುಂದಿನ ಇಪ್ಪತ್ತು ವರ್ಷ ಇದು ಹೆಚ್ಚುವುದೇ ಹೊರತು ಕಮ್ಮಿಯಾಗಲ್ಲ. ಅವರ ಮಕ್ಕಳು ನಮ್ಮ ಸರ್ಕಾರಿ ಕನ್ನಡ ಶಾಲೆಗೆ ಬಂದರೆ ಮಕ್ಕಳಿಲ್ಲದ ಎಷ್ಟೋ ಶಾಲೆ ಉಳಿಯುತ್ತದೆ. ಕೆಲವು ಕಡೆ ಹಾಗೆ ಆಗುತ್ತಲೂ ಇದೆ.

ಒಂದೇ ಮಗು ಇದ್ದರೆ ಹಾಳಾಗುತ್ತಾ?

ಇಲ್ಲ. ಮುಂದೆ ನಾಲ್ಕು ಜನ ಹಿರಿಯರ ಜವಾಬ್ದಾರಿ ಇಬ್ಬರ ಮೇಲೆ ಬೀಳುತ್ತದೆ ಅನ್ನುವುದಷ್ಟೇ ನಿಜವಾದ ಚಿಂತೆ.

ಮನೆಯಲ್ಲಿ ವಯಸ್ಸಾದವರಿದ್ದಾರೆ. ಈಗಲೇ ಏನು ಗೊತ್ತಿರಬೇಕು?

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಪ್ರಕಾರ, ನೋಡಿಕೊಳ್ಳದ ಮಕ್ಕಳಿಂದ ಹಿರಿಯರು ಜೀವನಾಂಶ ಕೇಳಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ನ್ಯಾಯಮಂಡಳಿಗೆ. ಅಲ್ಲಿಗೆ ವಕೀಲರು ಬೇಕಾಗಿಲ್ಲ.

ಅದೇ ಕಾಯ್ದೆಯ 23ನೇ ಸೆಕ್ಷನ್ ತುಂಬಾ ಮುಖ್ಯ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಮಕ್ಕಳಿಗೆ ದಾನಪತ್ರ ಮಾಡಿ, ಅವರು ನೋಡಿಕೊಳ್ಳದಿದ್ದರೆ ಆ ದಾನವನ್ನು ರದ್ದು ಮಾಡಿಸಬಹುದು. ಎಷ್ಟೋ ಕೇಸು ಬಿದ್ದುಹೋಗುವುದು ಆ ಷರತ್ತನ್ನು ಪತ್ರದಲ್ಲಿ ಬರೆಸಿಲ್ಲ ಅಂತ. ‘ಮಗನ ಮೇಲೆ ನಂಬಿಕೆ ಇಲ್ವಾ?’ ಅಂತ ಯಾರು ಕೇಳಿದರೂ ಬರೆಸಿ. ಆಸ್ತಿಯಲ್ಲಿ ಅಮ್ಮನ ಹೆಸರೂ ಇರಲಿ. ಬ್ಯಾಂಕ್ ಖಾತೆಗೆ ನಾಮಿನಿ ಯಾರು ಅಂತ ಇವತ್ತೇ ನೋಡಿ. ಸಂಧ್ಯಾ ಸುರಕ್ಷಾ ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬಹುದು. ಪಿಂಚಣಿ, ಕಾನೂನು, ದೌರ್ಜನ್ಯದ ದೂರು ಯಾವುದಕ್ಕಾದರೂ ಹಿರಿಯರ ಸಹಾಯವಾಣಿ 14567, ಕರೆ ಉಚಿತ. ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿಡಿ.